ಗರ್ಭಸ್ಥ ಶಿಶುವೂ ಕೊಟ್ಟ ಮಾತೂ

ನುಡಿದುದನ್ನು ನಡೆಯಲ್ಲಿ ತೋರಬೇಕೆಂಬುದು ಶರಣಧರ್ಮದ ಮೂಲಬೋಧೆಗಳಲ್ಲಿ ಒಂದು. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭವಗೋಷ್ಠಿಯಲ್ಲಿ ಕಲೆತ ಶರಣರು ಬಂದವನ ಕುಲವನ್ನು ಕೇಳಲಿಲ್ಲ, ಸಿರಿಯನ್ನು ಕೇಳಲಿಲ್ಲ. ಆಡುವ ಮಾತಿಗೂ ಮಾಡುವ ಕೃತಿಗೂ ಹೊಂದಿಕೆಯುಂಟೆ ಎಂಬುದನ್ನು ಕೇಳಿದರು. ಆದುದರಿಂದ ಸದ್ಭಕ್ತನ ಮನೆಯಲ್ಲಿ ‘ಮಾತು ಕೊಟ್ಟಾಗಿದೆ’ ಎಂಬ ವಾಕ್ಯಕ್ಕೆ ಬರೆದ ಪತ್ರಕ್ಕಿಂತ ಹೆಚ್ಚಿನ ಭಾರವುಂಟು. ಹೊಲದ ಕ್ರಯವಾಗಲಿ, ಸಾಲದ ಮರುಪಾವತಿಯಾಗಲಿ, ಕನ್ಯಾನಿಶ್ಚಯವಾಗಲಿ, ನಾಲಗೆಯಿಂದ ಹೊರಟುದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಹಿರಿಯರು ಬಗೆಯುತ್ತಾರೆ. ಈ ಬಗೆಯು ಮೇಲಾದುದೇ ಸರಿ. ಆದರೆ ಒಂದು ಎಡೆಯಲ್ಲಿ ಇದೇ ಸದ್ಗುಣವು ಕ್ರೌರ್ಯವಾಗಿ ಪರಿಣಮಿಸುವುದುಂಟು. ಬಸುರಿಯು ತನ್ನ ಗರ್ಭದಲ್ಲಿರುವ ಕೂಸನ್ನು ಮತ್ತೊಬ್ಬರ ಉಡಿಯಲ್ಲಿ ಹಾಕುವೆನೆಂದು ಮಾತು ಕೊಟ್ಟು, ಕೂಸು ಹುಟ್ಟಿದ ಮೇಲೆ ಕೊಡಲಾರೆನೆಂದರೆ, ಅವಳು ಮಾತಿಗೆ ತಪ್ಪಿದವಳಾಗುವಳೆ? ಅಥವಾ ಆ ಮಾತಿಗೆ ಬಂಧಿಸುವ ಶಕ್ತಿಯೇ ಇಲ್ಲವೆ? ಈ ಪ್ರಶ್ನೆಯನ್ನು ಧರ್ಮದೃಷ್ಟಿಯಿಂದ ವಿಚಾರಿಸುವುದು ಅವಶ್ಯವಾಗಿದೆ.

ಪ್ರಶ್ನೆಯ ಸ್ವರೂಪವು ತಿಳಿಯಲೆಂದು ಒಂದು ಮನೆತನವನ್ನು ಭಾವಿಸಬಹುದು. ಅಣ್ಣ ತಮ್ಮಂದಿರಿಬ್ಬರು ಒಂದೇ ಮನೆಯಲ್ಲಿದ್ದಾರೆ. ಅಣ್ಣನಿಗೆ ಮದುವೆಯಾಗಿ ಬಹುಕಾಲವಾದರೂ ಸಂತಾನವಿಲ್ಲ. ತಮ್ಮನಿಗೆ ಇಬ್ಬರು ಮಕ್ಕಳು. ಹೆಂಡತಿಗೆ ಈಗ ಮೂರನೆಯ ಬಸುರು. ಏಳನೆಯ ತಿಂಗಳಲ್ಲಿ ಕುಬುಸದ ಸಮಾರಂಭ. ಬಂಧುಗಳೆಲ್ಲ ನೆರೆದಿರುವಾಗ ಅತ್ತೆಯು, ‘ಈ ಸಾರೆ ಹುಟ್ಟಿದ್ದನ್ನು ನಿನ್ನ ನೆಗೆಣ್ಣಿಯ ಉಡಿಯಾಗ ಹಾಕವ್ವ, ಮನೆಯ ಕೂಸು ಮನೆಯಾಗ ಇರತದ’ ಎನ್ನುತ್ತಾಳೆ. ಸೊಸೆಯು ತಲೆಬಾಗಿಸಿ ‘ಹೂಂ’ ಎನ್ನುತ್ತಾಳೆ. ಅಂದಿನಿಂದ ಅಣ್ಣನ ಹೆಂಡತಿಯು ತೊಟ್ಟಿಲು ಕೊಳ್ಳುತ್ತಾಳೆ, ಕುಂಚಿಗೆ ಹೊಲಿಯುತ್ತಾಳೆ. ಕೂಸು ಹುಟ್ಟಿದ ಐದನೆಯ ದಿನ, ಎದೆಯ ಹಾಲು ಕುಡಿಯುವ ಕೂಸನ್ನು ಅಪ್ಪಿಕೊಂಡು ತಾಯಿಯು ಕೊಡಲಾರೆನೆಂದು ಅಳುತ್ತಾಳೆ. ಮನೆಯು ಎರಡಾಗುತ್ತದೆ. ‘ನಾಕು ಮಂದಿಯ ಮುಂದ ಒಪ್ಪಿಕೊಂಡು ಈಗ ತಪ್ಪಿದಳು’ ಎಂಬ ಅಪವಾದವು ಬಾಣಂತಿಯ ಮೇಲೆ ಬೀಳುತ್ತದೆ. ಇಂತಹ ಸಂಗತಿಗಳು ಹಳ್ಳಿಪಟ್ಟಣಗಳೆರಡರಲ್ಲಿಯೂ ನಡೆಯುವುವು. ಹೊರಗೆ ಬಾರದೆ ಮನೆಯ ಗೋಡೆಗಳೊಳಗೆ ಬೇಯುವುವು.

ಮಾತು ನಡೆಯಲೇಬೇಕೆನ್ನುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಅವರ ವಾದವು ನಾಲ್ಕು ತೆರ. ಸತ್ಯವು ಸರ್ವಾಚಾರಗಳ ಬೇರು. ತನಗೆ ಕಷ್ಟವಾಯಿತೆಂದು ಬಿಡಬಹುದಾದರೆ ಅದಕ್ಕೆ ವ್ರತವೆಂಬ ಹೆಸರೇಕೆ ಎಂಬುದು ಮೊದಲನೆಯದು. ಮಕ್ಕಳಿಲ್ಲದವಳು ಆ ಮಾತನ್ನು ನಂಬಿ ತಿಂಗಳುಗಟ್ಟಲೆ ಬಾಳಿದ್ದಾಳೆ. ನಂಬಿದವರ ಕೊರಳು ಕೊಯ್ಯುವುದು ಭಕ್ತರಿಗೆ ಸಲ್ಲದು ಎಂಬುದು ಎರಡನೆಯದು. ಕೂಸಿಗೆ ಎರಡು ಮನೆಯ ಮಮತೆಯೂ ಆಸ್ತಿಯೂ ದೊರೆಯುವಾಗ ನಷ್ಟವೇನೆಂಬುದು ಮೂರನೆಯದು. ದತ್ತಕವು ಶಾಸ್ತ್ರಸಮ್ಮತವಾದುದು, ನಾಡಿನ ಇತಿಹಾಸದಲ್ಲಿ ಗೌರವ ಪಡೆದುದು ಎಂಬುದು ನಾಲ್ಕನೆಯದು. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಕಂಪನಿ ಸರಕಾರವು ಒಪ್ಪದಿದ್ದಾಗ ರಾಣಿ ಚೆನ್ನಮ್ಮನು ಖಡ್ಗ ಹಿರಿದಳು. ದತ್ತುಮಗನು ಹೆತ್ತ ಮಗನಿಗೆ ಸಮನೆಂಬ ನಂಬಿಕೆಗಾಗಿ ಒಂದು ಸಂಸ್ಥಾನವೇ ಹೋರಾಡಿತು. ಇವೆಲ್ಲ ಹುರುಳಿಲ್ಲದ ಮಾತುಗಳಲ್ಲ. ಇವುಗಳಿಗೆ ಸಮಾಧಾನ ಹೇಳದೆ ತಾಯಿಯ ಕಣ್ಣೀರನ್ನಷ್ಟೇ ತೋರಿಸಿದರೆ ವಿಚಾರವು ಪೂರ್ಣವಾಗದು.

ದತ್ತಕದ ಶಾಸ್ತ್ರವನ್ನೇ ಮೊದಲು ನೋಡಬೇಕು. ಯಾಜ್ಞವಲ್ಕ್ಯಸ್ಮೃತಿಯು ಒಂದು ಕಡೆ ತಾಯಿಯಾಗಲಿ ತಂದೆಯಾಗಲಿ ಕೊಟ್ಟ ಮಗನು ದತ್ತಕನೆಂದು ಹೇಳುತ್ತದೆ. ಅದೇ ಸ್ಮೃತಿಯು ಮತ್ತೊಂದು ಕಡೆ, ಮನುಷ್ಯನು ಕುಟುಂಬಕ್ಕೆ ಬಾಧೆಯಾಗದಂತೆ ತನ್ನದನ್ನು ದಾನ ಮಾಡಬಹುದು, ಆದರೆ ಹೆಂಡತಿಯನ್ನೂ ಮಗನನ್ನೂ ದಾನ ಮಾಡತಕ್ಕುದಲ್ಲವೆಂದು ನಿಷೇಧಿಸುತ್ತದೆ. ಕೊಡಬಾರದುದನ್ನು ಕೊಡುವುದು ಹೇಗೆ? ಮನುಸ್ಮೃತಿಯು ಕೊಡುವುದಕ್ಕೆ ‘ಆಪತ್ತು’ ಎಂಬ ನಿಮಿತ್ತವನ್ನು ಹೇಳಿದೆ. ಈ ಪದವನ್ನು ಕುರಿತು, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಅದೇ ಕಲ್ಯಾಣ ಪಟ್ಟಣದಲ್ಲಿದ್ದು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ಆಪತ್ತಿಲ್ಲದಿರುವಾಗ ಮಗುವನ್ನು ಕೊಡಕೂಡದು, ಈ ನಿಷೇಧವು ಕೊಡುವವನಿಗೆ ಸಂಬಂಧಿಸಿದುದು ಎಂದು ತೀರ್ಮಾನಿಸಿದನು. ಬೇರೆ ಕೆಲವು ವ್ಯಾಖ್ಯಾನಕಾರರು ತೆಗೆದುಕೊಳ್ಳುವವನಿಗೆ ಮಕ್ಕಳಿಲ್ಲದಿರುವುದೇ ಆಪತ್ತೆಂದರು. ಈ ಎರಡನೆಯ ಅರ್ಥವನ್ನು ಹಿಡಿದವರಿಗೆ ಕುಬುಸದ ದಿನದ ಬೇಡಿಕೆಯು ಸಹಜವಾಗಿ ತೋರುವುದು. ಮೊದಲನೆಯ ಅರ್ಥವನ್ನು ಹಿಡಿದರೆ, ಉಂಡುಟ್ಟು ಸುಖವಾಗಿರುವ ತಾಯಿತಂದೆಗಳ ಕೂಸನ್ನು ಕೇಳುವುದೇ ಅನುಚಿತ. ಎರಡರಲ್ಲಿ ಯಾವುದು ಶರಣಮಾರ್ಗಕ್ಕೆ ಒಪ್ಪುವುದು?

ಇದನ್ನು ನಿರ್ಣಯಿಸಲು ದತ್ತಕದ ಪ್ರಯೋಜನವೇನೆಂದು ಕೇಳಬೇಕು. ಸ್ಮಾರ್ತಶಾಸ್ತ್ರದಲ್ಲಿ ಪ್ರಯೋಜನವು ಪಿಂಡೋದಕಕ್ರಿಯೆ, ವಂಶದ ಹೆಸರು. ಮಗನಿಲ್ಲದವನಿಗೆ ಸದ್ಗತಿಯಿಲ್ಲವೆಂಬ ಭೀತಿಯು ಅದರ ಹಿಂದೆ ಇದೆ. ಅಲ್ಲಿ ಮಗುವು ತಂದೆಯ ಪರಲೋಕಕ್ಕೆ ಸಾಧನ. ಶರಣರಾದರೊ ಈ ಭೀತಿಯ ಬೇರನ್ನೇ ಕಿತ್ತರು. ಲಿಂಗಾಂಗಿಯಾದವನಿಗೆ ಶ್ರಾದ್ಧವಿಲ್ಲ, ಪಿಂಡವಿಲ್ಲ. ಅವನು ಲಿಂಗೈಕ್ಯನಾಗುವುದು ತನ್ನ ಅರಿವು ಆಚಾರಗಳಿಂದಲೇ ಹೊರತು ಮಗನ ಕೈಯ ನೀರಿನಿಂದಲ್ಲ. ಅಂದ ಮೇಲೆ ಮಕ್ಕಳಿಲ್ಲದ ಶಿವಭಕ್ತನಿಗೆ ಧರ್ಮದೃಷ್ಟಿಯಿಂದ ಯಾವ ಕೊರತೆಯೂ ಇಲ್ಲ. ಅವನ ದುಃಖವು ನಿಜವಾದುದು, ಕನಿಕರಕ್ಕೆ ಯೋಗ್ಯವಾದುದು. ಆದರೆ ಅದು ಮತ್ತೊಬ್ಬಳ ಮೇಲೆ ಋಣವಾಗದು. ದತ್ತಕವು ಶರಣಮಾರ್ಗದಲ್ಲಿ ಉಳಿಯುವುದಾದರೆ ಮನೆಗೊಂದು ಮಗು ಬೇಕೆಂಬ ಕಾರಣದಿಂದಲ್ಲ, ಮಗುವಿಗೊಂದು ಮನೆ ಬೇಕೆಂಬ ಕಾರಣದಿಂದ ಉಳಿಯಬೇಕು. ಹೀಗೆ ಪ್ರಯೋಜನವು ತಿರುಗಿದೊಡನೆ ಆಪತ್ತಿನ ಅರ್ಥವೂ ನಿಶ್ಚಿತವಾಗುತ್ತದೆ. ಆಪತ್ತೆಂದರೆ ಮಗುವಿನ ಆಪತ್ತು. ಹೆತ್ತವರು ಸಾಕಲಾರದಂತಹ ಸಂಕಟ.

ಇನ್ನು, ಕೂಸು ಯಾರದು? ತನು ಮನ ಧನಗಳು ತನ್ನವಲ್ಲ, ಗುರುಲಿಂಗಜಂಗಮದವು ಎಂದು ನಂಬಿದವನು ಮಗುವನ್ನು ತನ್ನ ಸೊತ್ತೆಂದು ಹೇಗೆ ನಂಬಿಯಾನು? ದಾನಕ್ಕೂ ದಾಸೋಹಕ್ಕೂ ಭೇದವಿರುವುದು ಇಲ್ಲಿಯೇ. ದಾನದಲ್ಲಿ ‘ನನ್ನದು, ಕೊಡುತ್ತೇನೆ’ ಎಂಬ ಭಾವವುಂಟು. ದಾಸೋಹದಲ್ಲಿ ತನ್ನದೆಂಬುದೇ ಇಲ್ಲ. ಕೈಗೆ ಬಂದುದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವ ಆಳುತನವುಂಟು. ತಾಯಿಯ ಉಡಿಗೆ ಬಂದ ಕೂಸು ಶಿವನು ಇಟ್ಟ ನಿಕ್ಷೇಪ. ನಿಕ್ಷೇಪವನ್ನು ಕಾಯುವವನು ಅದನ್ನು ಮಾರಲಾರನು, ಬಹುಮಾನವಾಗಿ ಕೊಡಲಾರನು, ನೆಂಟರನ್ನು ಸಂತೋಷಪಡಿಸಲು ಹಂಚಲಾರನು. ಮನೆಗೆ ಬೆಂಕಿ ಬಿದ್ದಾಗ, ತನ್ನ ಕೈಯಲ್ಲಿ ಅದು ಉಳಿಯದೆಂದು ತಿಳಿದಾಗ ಮಾತ್ರ, ಯೋಗ್ಯನಾದ ಮತ್ತೊಬ್ಬನಿಗೆ ಸಾಕ್ಷಿಗಳ ಮುಂದೆ ಒಪ್ಪಿಸಬಹುದು. ಆಗ ಅವನು ಕೊಟ್ಟುದು ವಸ್ತುವನ್ನಲ್ಲ, ಕಾಯುವ ಹೊಣೆಯನ್ನು. ಯಾಜ್ಞವಲ್ಕ್ಯನ ಎರಡು ವಚನಗಳ ವಿರೋಧವೂ ಇದರಿಂದ ಪರಿಹಾರವಾಗುವುದು: ಮಗುವನ್ನು ದಾನ ಮಾಡಬಾರದು, ಹೊಣೆಯನ್ನು ಒಪ್ಪಿಸಬಹುದು.

ಭಕ್ತರ ಮನೆಗಳಲ್ಲಿ ನಡೆದುಬಂದ ಒಂದು ಸಂಸ್ಕಾರವು ಈ ಮಾತನ್ನು ಇನ್ನೂ ದೃಢಪಡಿಸುತ್ತದೆ. ಗರ್ಭಕ್ಕೆ ಎಂಟನೆಯ ತಿಂಗಳು ನಡೆಯುವಾಗ ಗುರುವು ಬಂದು ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ಪದ್ಧತಿಯುಂಟು. ತಾಯಿಯು ಆ ಲಿಂಗವನ್ನು ಶಿಶುವಿನ ಪರವಾಗಿ ಧರಿಸುವಳು. ಇದರ ತಾತ್ಪರ್ಯವನ್ನು ಸೂಕ್ಷ್ಮವಾಗಿ ಗ್ರಹಿಸಬೇಕು. ಇನ್ನೂ ಹೆಸರಿಲ್ಲದ, ಮುಖ ಕಾಣದ ಆ ಜೀವವು ಗುರುವಿನ ದೃಷ್ಟಿಯಲ್ಲಿ ಆಗಲೇ ಭಕ್ತ. ತಾಯಿಯಿಂದ ಬೇರೆಯಾದ ಲಿಂಗ ಅದಕ್ಕುಂಟು. ಅಂದರೆ ಆಕೆಯ ಅಂಗದೊಳಗೆ ಇದ್ದರೂ ಅದು ಆಕೆಯ ಅಂಗದ ಭಾಗವಲ್ಲ, ಮನೆತನದ ಆಸ್ತಿಯಲ್ಲ. ಒಬ್ಬ ಭಕ್ತನನ್ನು ಕುರಿತು, ಅವನು ಕೇಳದಿರುವಾಗ, ಮಿಕ್ಕ ಭಕ್ತರು ಕುಬುಸದ ಊಟಕ್ಕೆ ಕುಳಿತು ಒಪ್ಪಂದ ಮಾಡುವುದು ಯಾವ ಆಚಾರ? ಎಂಟನೆಯ ತಿಂಗಳಲ್ಲಿ ಲಿಂಗವನ್ನು ಕಟ್ಟಿಸಿಕೊಂಡ ಮನೆಯೇ ಏಳನೆಯ ತಿಂಗಳಲ್ಲಿ ಅದನ್ನು ಹಂಚಿಬಿಟ್ಟಿದ್ದರೆ, ಸಂಸ್ಕಾರವು ಬರಿಯ ದಾರವಾಯಿತು.

ಈಗ ಕೊಟ್ಟ ಮಾತಿನ ವಿಚಾರಕ್ಕೆ ಬರಬಹುದು. ಮಾತು ಬಂಧಿಸಬೇಕಾದರೆ ಮೂರು ಅಂಗಗಳು ಬೇಕು: ಕೊಡುವ ಅಧಿಕಾರ, ಕೊಡುವುದರ ಅರಿವು, ಕೊಡುವ ಸ್ವಾತಂತ್ರ್ಯ. ಅಧಿಕಾರವಿಲ್ಲವೆಂಬುದು ಮೇಲೆ ಸಿದ್ಧವಾಯಿತು. ಅರಿವಿನ ವಿಷಯ ಹೇಗೆ? ಶರಣರು ಅರಿವಿಲ್ಲದ ಆಚಾರವನ್ನು ಆಚಾರವೆಂದು ಒಪ್ಪಿದವರಲ್ಲ. ಏಳನೆಯ ತಿಂಗಳಿನ ಬಸುರಿಗೆ ಕೂಸು ಪರೋಕ್ಷ. ಹೆತ್ತ ಮೇಲೆ ಪ್ರತ್ಯಕ್ಷ. ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಎದೆಗೆ ಹಾಲು ತುಂಬುವುದು. ಗರ್ಭದಲ್ಲಿದ್ದಾಗಲೇ ತಾಯಿಯ ಧ್ವನಿಯನ್ನು ಕೇಳಿದ ಶಿಶುವು ಹುಟ್ಟಿದೊಡನೆ ಆ ಧ್ವನಿಯನ್ನು ಗುರುತಿಸುವುದು. ಇದನ್ನು ಮುಂಚಿತವಾಗಿ ಯಾರೂ ಅರಿಯಲಾರರು. ಮೊದಲು ಇಬ್ಬರನ್ನು ಹೆತ್ತವಳು ಸಹ ಈ ಮೂರನೆಯದನ್ನು ಅರಿಯಳು. ಅರಿಯದೆ ಆಡಿದ ಮಾತು ಅರಿತ ಮೇಲೆ ನಿಲ್ಲದಿದ್ದರೆ ಅದು ಸುಳ್ಳಲ್ಲ. ಸುಳ್ಳೆಂದರೆ ಆಡುವಾಗಲೇ ಮನಸ್ಸಿನಲ್ಲಿ ಬೇರೊಂದಿರುವುದು. ಇನ್ನು ಸ್ವಾತಂತ್ರ್ಯ. ಹತ್ತು ಜನರ ಮುಂದೆ, ಅತ್ತೆಯ ಬಾಯಿಂದ ಬಂದ ಬೇಡಿಕೆಗೆ ಸೊಸೆಯು ತಲೆಬಾಗಿಸಿದ್ದನ್ನು ಒಪ್ಪಿಗೆಯೆಂದು ಎಣಿಸುವುದು ನ್ಯಾಯವೆ? ‘ಒಲ್ಲೆ’ ಎನ್ನಲು ಎಡೆಯಿಲ್ಲದಲ್ಲಿ ‘ಹೂಂ’ ಎಂಬುದಕ್ಕೆ ಬೆಲೆಯಿಲ್ಲ.

ಆದರೆ ಇದೇ ನ್ಯಾಯವನ್ನು ಮತ್ತೊಂದು ಮಗ್ಗುಲಿಗೂ ಅನ್ವಯಿಸಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಬಹುಮಂದಿ ಬಾಣಂತಿಯರಿಗೆ ನಿಮಿತ್ತವಿಲ್ಲದೆ ಅಳು ಬರುತ್ತದೆ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಖಿನ್ನತೆಯಾಗಿ ನೆಲೆಸಿ ವೈದ್ಯರ ಚಿಕಿತ್ಸೆಯನ್ನು ಬೇಡುತ್ತದೆ. ಆ ದಿನಗಳಲ್ಲಿ ‘ಕೊಡಲಾರೆ’ ಎಂಬುದೂ, ‘ಇದನ್ನು ಒಯ್ದುಬಿಡಿ, ನನಗೆ ಬೇಡ’ ಎಂಬುದೂ ಕೊನೆಯ ಮಾತಾಗಿರಲಾರದು. ಆದುದರಿಂದ ಬಸುರಿನಲ್ಲಿ ಮಾಡಿದ್ದು ಸಂಕಲ್ಪವೆಂದೂ, ಹೆತ್ತು ಕೆಲವು ವಾರ ಕಳೆದು ಮನಸ್ಸು ತಿಳಿಯಾದ ಮೇಲೆ ಮಾಡಿದ್ದು ನಿಶ್ಚಯವೆಂದೂ ಭೇದವೆಣಿಸುವುದು ಯುಕ್ತ. ಸಂಕಲ್ಪವು ಸಿದ್ಧತೆಗೆ ಸಾಧನ. ಅದನ್ನು ಬಲಾತ್ಕಾರಕ್ಕೆ ಸಾಧನ ಮಾಡಬಾರದು.

ನಾಡಿನ ಕಾನೂನೂ ಇದೇ ದಾರಿಯನ್ನು ಹಿಡಿದಿರುವುದು ಗಮನಾರ್ಹ. ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿರುವ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು 1956ರಲ್ಲಿ ಬಂದಿತು. ಅದರಂತೆ ಹೆತ್ತವರು ಮಗುವನ್ನು ವಾಸ್ತವವಾಗಿ ಎತ್ತಿ ಕೊಡಬೇಕು, ತೆಗೆದುಕೊಳ್ಳುವವರು ಸ್ವೀಕರಿಸಬೇಕು. ಹುಟ್ಟದ ಕೂಸನ್ನು ಯಾರೂ ಎತ್ತಿ ಕೊಡಲಾರರು. ದತ್ತಹೋಮವು ಅವಶ್ಯವಲ್ಲ. ಹೆಣ್ಣುಮಗುವನ್ನೂ ದತ್ತಕ ತೆಗೆದುಕೊಳ್ಳಬಹುದು. ಮೊದಲು ಕೊಡುವ ಹಕ್ಕು ಮುಖ್ಯವಾಗಿ ತಂದೆಯದಾಗಿದ್ದು, 2010ರ ತಿದ್ದುಪಡಿಯಿಂದ ತಾಯಿಗೂ ಸಮಾನವಾಯಿತು. ಒಬ್ಬರು ಕೊಡಬೇಕಾದರೆ ಮತ್ತೊಬ್ಬರ ಸಮ್ಮತಿ ಬೇಕು. ಹಣ ಪಡೆದು ಕೊಡುವುದು ಅಪರಾಧ. 2020ರ ಮಾರ್ಚಿಯಲ್ಲಿ, ಹೆರಿಗೆಗೆ ಕೆಲವೇ ದಿನ ಮೊದಲು, ಗರ್ಭಸ್ಥ ಶಿಶುವನ್ನು ದತ್ತು ಕೊಡುವುದಾಗಿ ಇಬ್ಬರು ದಂಪತಿಗಳ ನಡುವೆ ಕರಾರಾಗಿತ್ತು. ಆ ವ್ಯಾಜ್ಯವು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದಾಗ, 2022ರಲ್ಲಿ ನ್ಯಾಯಪೀಠವು ಇಂತಹ ಕರಾರನ್ನು ಕಾನೂನು ಅರಿಯದೆಂದು ತೀರ್ಪಿತ್ತಿತು. ಗುರುಗಳು ಗರ್ಭದಲ್ಲಿಯೇ ಕಟ್ಟಿದ ಲಿಂಗದಿಂದ ಸೂಚಿಸಿದ್ದನ್ನು ನ್ಯಾಯಾಲಯವು ತನ್ನ ಭಾಷೆಯಲ್ಲಿ ಹೇಳಿದಂತಾಯಿತು.

ನೆಂಟರ ನಡುವಿನ ದತ್ತಕವಲ್ಲದೆ, ಸಾಕಲಾರದ ಸ್ಥಿತಿಯಲ್ಲಿ ಮಗುವನ್ನು ಒಪ್ಪಿಸುವ ಮಾರ್ಗವೊಂದನ್ನು 2015ರ ಬಾಲನ್ಯಾಯ ಕಾಯಿದೆಯು ತೋರಿಸಿದೆ. ಹೆತ್ತವರು ಮಗುವಿನೊಡನೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಮಿತಿಯು ವಿಚಾರಿಸಿ, ತಿಳಿಯಹೇಳಿ, ಆ ಮೇಲೂ ಅವರ ಮನಸ್ಸು ಅದೇ ಇದ್ದರೆ ಒಪ್ಪಿಸುವ ಪತ್ರವನ್ನು ಬರೆಯಿಸಿಕೊಳ್ಳುತ್ತದೆ. ಬರೆದ ಮೇಲೆಯೂ ಎರಡು ತಿಂಗಳ ಅವಧಿಯುಂಟು. ಅದರೊಳಗೆ ಮನಸ್ಸು ತಿರುಗಿದರೆ ಮಗುವನ್ನು ಮರಳಿ ಕೇಳಬಹುದು. ಆ ಅವಧಿ ಕಳೆದ ಮೇಲೆಯೇ ಅದನ್ನು ದತ್ತಕಕ್ಕೆ ಮುಕ್ತವೆಂದು ಸಾರುವರು. 2022ರ ಸೆಪ್ಟೆಂಬರದಿಂದ ಈ ಕಾಯಿದೆಯಂತೆ ದತ್ತಕದ ಆಜ್ಞೆಯನ್ನು ಜಿಲ್ಲಾ ದಂಡಾಧಿಕಾರಿಗಳು ಹೊರಡಿಸುತ್ತಾರೆ. ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿ ದಂಡವುಂಟು. ನಿಕ್ಷೇಪದ ನ್ಯಾಯದಿಂದ ದೊರೆತ ನಿಯಮಗಳು ಇಲ್ಲಿ ಹಾಗೆಯೇ ಕಾಣುವುವು: ಬೆಲೆ ಕೂಡದು, ಗುಟ್ಟು ಕೂಡದು, ಅವಸರ ಕೂಡದು.

ಇಲ್ಲಿ ಒಂದು ಆಕ್ಷೇಪ ಏಳುವುದು. ಕಾಯುತ್ತ ಹೋದರೆ ಕೂಸಿಗೆ ಕೇಡಲ್ಲವೆ? ಯಾರ ತೊಡೆಯೂ ಸ್ಥಿರವಲ್ಲದೆ ಅದು ಬೆಳೆಯಬೇಕೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಶಿಶುವಿಗೆ ಬೇಕಾದುದು ದಿನದಿನವೂ ಒಂದೇ ಮುಖ, ಒಂದೇ ಧ್ವನಿ. ಆದುದರಿಂದ ಕಾಯುವುದಕ್ಕೆ ಮೇರೆಯಿರಬೇಕು. ವರ್ಷಗಳ ಕಾಲ ಕೊಡುವೆ-ಕೊಡೆ ಎಂದು ತೂಗಾಡುವುದು ಅಪರಾಧವೇ. ಆದರೆ ಎರಡು ತಿಂಗಳ ತಾಳ್ಮೆಯಿಂದಾಗುವ ಹಾನಿಗಿಂತ, ಎರಡು ದಿನದ ಅವಸರದಿಂದ ಕಿತ್ತ ಮಗುವಿನ ಸುತ್ತ ಜೀವಮಾನವೆಲ್ಲ ನಡೆಯುವ ಕಲಹದ ಹಾನಿಯು ದೊಡ್ಡದು. ಒಂದೇ ಮನೆಯಲ್ಲಿದ್ದು, ತಾನು ಹೆತ್ತ ಮಗು ತನ್ನನ್ನೇ ‘ಚಿಗವ್ವಾ’ ಎಂದು ಕರೆಯುವುದನ್ನು ದಿನವೂ ಕೇಳಬೇಕಾದವಳು ಅದಕ್ಕೆ ಮನಃಪೂರ್ವಕವಾಗಿ ಒಪ್ಪಿರದಿದ್ದರೆ, ಆ ಮನೆಯಲ್ಲಿ ಮಗುವಿಗೆ ಇಬ್ಬರು ತಾಯಂದಿರಿರುವುದಿಲ್ಲ, ಇಬ್ಬರು ವೈರಿಗಳ ನಡುವಿನ ಗಡಿಯಾಗಿ ಅದು ಬೆಳೆಯುವುದು. ಕಾನೂನಿನಂತೆ ದತ್ತಕವಾದ ಮೇಲೆ ಹುಟ್ಟಿದ ಮನೆಯೊಡನೆ ಮಗುವಿನ ಸಂಬಂಧವು ಕಡಿಯುವುದು. ನ್ಯಾಯವಾಗಿ ಆದ ದತ್ತಕವನ್ನು ಯಾರೂ ರದ್ದುಮಾಡಲಾರರು. ಹಿಂದಿರುಗಲಾರದ ಹೆಜ್ಜೆಯನ್ನು ಇಡುವ ಮೊದಲೇ ನಿಲ್ಲಬೇಕು.

ಹಾಗಾದರೆ ಕೊಟ್ಟ ಮಾತಿಗೆ ಏನೂ ಉಳಿಯಲಿಲ್ಲವೆ? ಉಳಿಯಿತು. ಕೂಸನ್ನು ಕೊಡುವ ಬಂಧನವಿಲ್ಲವಾದರೂ ನಂಬಿದವಳ ವಿಷಯದಲ್ಲಿ ಬಂಧನವುಂಟು. ಮನಸ್ಸು ತಿರುಗಿದ ತಾಯಿಯು ಅದನ್ನು ಮುಚ್ಚಿಡದೆ ಬೇಗ ಹೇಳಬೇಕು. ಗಂಡನೂ ಹಿರಿಯರೂ ಆ ಮಾತಿನ ಭಾರವನ್ನು ಬಾಣಂತಿಯೊಬ್ಬಳ ಮೇಲೆ ಹೇರದೆ, ಕೇಳಬಾರದುದನ್ನು ಕೇಳಿದ ತಪ್ಪು ತಮ್ಮದೆಂದು ಒಪ್ಪಬೇಕು. ಬರಿದಾದ ತೊಟ್ಟಿಲಿನ ಮುಂದೆ ಕುಳಿತವಳ ದುಃಖವನ್ನು ಸಣ್ಣದೆಂದು ಎಣಿಸಬಾರದು; ಅವಳು ಕಳೆದುಕೊಂಡುದು ನಿಜವಾಗಿಯೂ ಒಂದು ಮಗುವನ್ನೇ. ಆದರೂ ಅವಳ ಮುಂದೆಯೂ ಒಂದು ಆಚಾರವುಂಟು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಅಂಗಳದಲ್ಲಿ ಬಿದ್ದಿದ್ದ ಅಕ್ಕಿಯನ್ನು ಯಾರಿಂದಲೂ ಕಸಿದುಕೊಂಡಿರಲಿಲ್ಲ, ಆದರೂ ಅದು ತಮಗೆ ಸಲ್ಲದೆಂದು ತಿಳಿದೊಡನೆ ಮರಳಿಸಿದರು; ಮರಳಿಸಿದುದರಿಂದ ಬಡವರಾಗಲಿಲ್ಲ. ತನಗೆ ಕೊಟ್ಟ ಮಾತನ್ನು ಕೊಟ್ಟವಳಿಗೇ ಮರಳಿಸುವ ಹಿರಿಯ ನೆಗೆಣ್ಣಿಯು ಲಕ್ಕಮ್ಮನ ಸಾಲಿನಲ್ಲಿ ನಿಲ್ಲುವಳು. ಅವಳಿಗೆ ಮಗುವಿನ ಹಂಬಲವಿದ್ದರೆ, ಮನೆಯೇ ಇಲ್ಲದ ಮಗುವಿನ ಕಡೆಗೆ ಕಾನೂನಿನ ದಾರಿಯು ತೆರೆದಿದೆ.

ಇದುವರೆಗೆ ಕೊಡಲೊಲ್ಲದ ತಾಯಿಯ ಪರವಾಗಿ ಹೇಳಿದ್ದಾಯಿತು. ಕೊಡಲೇಬೇಕಾದ ತಾಯಿಯ ವಿಷಯದಲ್ಲಿ ಸಮಾಜವು ಇನ್ನೂ ನಿಷ್ಠುರವಾಗಿದೆ. ಗಂಡನು ತೀರಿದ ಮೇಲೆ ಹೆತ್ತ ಬಡವಿ, ಮದುವೆಯಿಲ್ಲದೆ ಬಸುರಾದ ಎಳೆಯ ಹುಡುಗಿ, ದೀರ್ಘರೋಗಿ, ಇವರಲ್ಲಿ ಒಬ್ಬಳು ‘ಈ ಕೂಸು ಬೇರೆ ಮನೆಯಲ್ಲಿ ಬಾಳಲಿ’ ಎಂದರೆ ಅವಳನ್ನು ಕಲ್ಲೆದೆಯವಳೆಂದು ಜರೆಯುತ್ತಾರೆ. ಆದರೆ ಭಕ್ತರು ತಮ್ಮ ರೂಢಿಯನ್ನೇ ನೆನೆದು ನೋಡಲಿ. ಮಗನನ್ನು ಮಠಕ್ಕೆ ಮರಿಯಾಗಿ ಕೊಟ್ಟ ತಾಯಿಯನ್ನು ಊರೇ ಪುಣ್ಯವಂತೆಯೆಂದು ಕೊಂಡಾಡುತ್ತದೆ. ಆ ಮಗನಿಗೆ ಹುಟ್ಟಿದ ಮನೆಯು ಪೂರ್ವಾಶ್ರಮವಾಗುವುದನ್ನು ಅವಳು ಸಹಿಸಿದ್ದಕ್ಕೆ ಮನ್ನಣೆ ಕೊಡುತ್ತದೆ. ಕೊಡುವುದರಲ್ಲಿಯೇ ದೋಷವಿದ್ದರೆ ಅವಳೂ ದೋಷಿಯಾಗಬೇಕಿತ್ತು. ಇನ್ನೊಂದೆಡೆ, ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದ ಪದ್ಧತಿಯನ್ನು 1982ರಲ್ಲಿ ಕರ್ನಾಟಕದ ಕಾನೂನು ನಿಷೇಧಿಸಿತು. ಅದೂ ಕೊಡುವುದೇ ಆಗಿತ್ತು, ಆದರೆ ಮಗುವಿನ ಬಾಳನ್ನು ಬಲಿಗೊಡುವುದಾಗಿತ್ತು. ಆದುದರಿಂದ ಕೊಟ್ಟಳೆ, ಇಟ್ಟುಕೊಂಡಳೆ ಎಂಬುದು ಪ್ರಶ್ನೆಯಲ್ಲ. ಯಾರ ಹಿತಕ್ಕಾಗಿ ಎಂಬುದು ಪ್ರಶ್ನೆ. ತನ್ನ ಕರುಳನ್ನು ಮೀರಿ ಮಗುವಿನ ಹಿತವನ್ನು ಕಂಡ ತಾಯಿಗೆ ನಿಂದೆಯಲ್ಲ, ನಮಸ್ಕಾರ ಸಲ್ಲಬೇಕು.

ಅಂತಹವಳು ಅಪವಾದದ ಭಯದಿಂದ ಕೂಸನ್ನು ಪೊದೆಯಲ್ಲಿ, ಬಸ್ ನಿಲ್ದಾಣದಲ್ಲಿ ಬಿಟ್ಟುಹೋಗುವಂತಾದರೆ, ಆ ಪಾಪದಲ್ಲಿ ಅವಳಿಗಿಂತ ಊರಿನ ಪಾಲು ಹೆಚ್ಚು. ಮದುವೆಯಾಗದ ತಾಯಿಯು ತಾನೊಬ್ಬಳೇ ಸಮಿತಿಯ ಮುಂದೆ ಬಂದು ಒಪ್ಪಿಸಬಹುದು. ಅವಳ ಗುರುತನ್ನು ಗುಪ್ತವಾಗಿಡುವರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿದರೆ ದಾರಿ ತೋರಿಸುವರು. ಬಿಟ್ಟುಹೋದ ಕೂಸು ಸಿಕ್ಕವರು 24 ತಾಸುಗಳೊಳಗೆ ತಿಳಿಸಬೇಕು. ಶಿವನೇ ಕೊಟ್ಟನೆಂದು ಸದ್ದಿಲ್ಲದೆ ಮನೆಗೆ ಒಯ್ಯುವುದು ಭಕ್ತಿಯಲ್ಲ. ಇಟ್ಟುಕೊಳ್ಳಬೇಕೆಂಬ ತಾಯಿಗಾದರೊ ನೆರವು ಬೇಕು. ಬಡತನವೊಂದೇ ಆಪತ್ತಾಗಿದ್ದರೆ ಅದನ್ನು ನೀಗಿಸುವುದು ಊರಿನ ದಾಸೋಹ. ಒಂದು ವರ್ಷದ ಜೋಳ, ಬಾಣಂತಿಗೆ ಒಂದು ಕೋಣೆ ದೊರೆಯದೆ ತಾಯಿಮಗುಗಳು ಅಗಲಿದರೆ, ಆ ಊರಿನಲ್ಲಿ ಜಾತ್ರೆಯ ರಥವು ಎಷ್ಟು ಎತ್ತರವಿದ್ದರೇನು?

ತೆಗೆದುಕೊಳ್ಳುವವರು ನೆನೆಯಬೇಕಾದ ಮಾತೊಂದುಂಟು. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ಜನನಸೂತಕವೂ ಜಾತಿಸೂತಕವೂ ಸೇರಿವೆ. ಹುಟ್ಟಿಗೆ ಮೈಲಿಗೆಯಿಲ್ಲವೆಂದ ಮೇಲೆ, ಯಾರ ಹೊಟ್ಟೆಯಲ್ಲಿ ಹುಟ್ಟಿತು, ಯಾವ ಕುಲದ್ದು, ಮದುವೆಯೊಳಗಿನದೋ ಹೊರಗಿನದೋ ಎಂದು ಕೂಸನ್ನು ಶೋಧಿಸುವವನು ಕೊರಳಲ್ಲಿ ಲಿಂಗವಿದ್ದರೂ ಸೂತಕಿಯೇ. ಗಂಡೇ ಬೇಕು, ಬಣ್ಣ ಇಂತಹುದೇ ಬೇಕು ಎಂಬುದು ಸಂತೆಯ ಮಾತು. ಗುರುವು ಲಿಂಗ ಕಟ್ಟಿದ ಕ್ಷಣದಿಂದ ಅದು ಶಿವನ ಮಗು, ಆ ಮನೆಯ ಮಗು. ಅದಕ್ಕೆ ಬುದ್ಧಿ ಬರುವ ಕಾಲದಲ್ಲಿ, ನೆರೆಯವರ ಬಾಯಿಂದ ಚುಚ್ಚುನುಡಿಯಾಗಿ ಕೇಳುವ ಮೊದಲೇ, ಸಾಕಿದವರೇ ಪ್ರೀತಿಯಿಂದ ನಿಜವನ್ನು ತಿಳಿಸಬೇಕು. ಹೆತ್ತವಳನ್ನು ಎಂದೂ ಹೀನೈಸಬಾರದು. ಸಿಟ್ಟಿನ ವೇಳೆಯಲ್ಲಿ ‘ನೀನು ಹೊರಗಿನವನು’ ಎಂಬ ಒಂದು ಮಾತು ಹೊರಟರೆ ಇಪ್ಪತ್ತು ವರ್ಷದ ಸಾಕಣೆ ಬೂದಿಯಾಗುವುದು. ಮಾತಿಗೆ ಬೆಲೆಯಿದೆಯೆಂದು ಬಾಣಂತಿಗೆ ಉಪದೇಶಿಸುವವರು ಆ ಬೆಲೆಯನ್ನು ಇಲ್ಲಿ ತೋರಿಸಬೇಕು.

ಆದುದರಿಂದ ಗೃಹಸ್ಥರು ಇಷ್ಟನ್ನು ರೂಢಿಸಿಕೊಳ್ಳುವುದು ಶ್ರೇಯಸ್ಕರ. ಕುಬುಸದ ದಿನ ಬಸುರಿಯ ಉಡಿ ತುಂಬಬೇಕು. ಅಂದು ಅವಳ ಉಡಿಯಿಂದ ಏನನ್ನೂ ಬೇಡಬಾರದು. ತೀರ ಕೇಳಲೇಬೇಕಾದ ಸಂದರ್ಭವಿದ್ದರೆ, ಅವಳೊಬ್ಬಳನ್ನೇ, ಅವಳ ತವರಿನವರೂ ಬಲ್ಲಂತೆ, ಇಲ್ಲವೆನ್ನುವ ಎಡೆಯಿಟ್ಟು ಕೇಳಬೇಕು. ಹೆತ್ತು ಎರಡು ತಿಂಗಳಾಗುವವರೆಗೆ ಉತ್ತರವನ್ನು ಉತ್ತರವೆಂದು ಎಣಿಸಬಾರದು. ಆ ಮೇಲೆ ಅವಳು ಮನವೊಪ್ಪಿ ಕೊಟ್ಟರೆ ಹತ್ತು ಜನರೆದುರು, ಕಾನೂನಿನಂತೆ ಪತ್ರ ಮಾಡಿಸಿ, ಗುರುವಿನ ಸನ್ನಿಧಿಯಲ್ಲಿ ಕೂಸನ್ನು ಸ್ವೀಕರಿಸಲಿ. ಕೊಡಲಾರೆನೆಂದರೆ, ಆ ದಿನವೇ ಅಣ್ಣನ ಹೆಂಡತಿಯು ತಾನು ಹೊಲಿದ ಕುಂಚಿಗೆಯನ್ನು ಕೂಸಿನ ತಲೆಗೆ ತಾನೇ ಕಟ್ಟಿ, ತೊಟ್ಟಿಲನ್ನು ತಾಯಿಯ ಮಗ್ಗುಲಿಗೆ ಸರಿಸಲಿ. ಆ ಮನೆಯಲ್ಲಿ ಮಾತು ಉಳಿಯಿತೇ ಅಳಿಯಿತೇ ಎಂದು ಊರವರು ಕೇಳಬೇಕಾಗಿಲ್ಲ.